ಗಣಕಯಂತ್ರದ ಭಾಷೆಗಳೂ ಅವುಗಳ ಆವೃತ್ತಿಗಳೂ

ಪಠ್ಯಪುಸ್ತಕ ಪರಿಷ್ಕರಣೆಗೊಂಡ ವರ್ಷ ತರಗತಿಗಳಲ್ಲಿ ತಲೆದೋರುವ ತೊಡಕು ಎಲ್ಲರಿಗೂ ಪರಿಚಿತವಾದುದು. ಅಧ್ಯಾಪಕರ ಕೈಯಲ್ಲಿ ಹಳೆಯ ಮುದ್ರಣ, ವಿದ್ಯಾರ್ಥಿಗಳ ಕೈಯಲ್ಲಿ ಹೊಸದು. ಪುಸ್ತಕದ ಹೆಸರು ಒಂದೇ ಆದರೂ ಪುಟವೂ ಹೊಂದದು, ಪಾಠವೂ ಹೊಂದದು. ಗಣಕಯಂತ್ರಗಳಿಗೆ ತಂತ್ರಾಂಶವನ್ನು ಅಳವಡಿಸುವಾಗಲೂ ಇಂತಹುದೇ ತೊಡಕು ಎದುರಾಗುತ್ತದೆ. ತಮಿಳುನಾಡಿನ ಹನ್ನೆರಡನೆಯ ತರಗತಿಯ ಗಣಕ ವಿಜ್ಞಾನ ಪಠ್ಯದಲ್ಲಿ 2019ರಿಂದ ಪೈಥಾನ್ ಭಾಷೆ ಸೇರಿದೆ. ಹೊಸೂರು, ಕೃಷ್ಣಗಿರಿ ಭಾಗದ ನಮ್ಮ ಯುವಕ ಯುವತಿಯರು ಗಡಿಯಾಚೆಯ ಬೆಂಗಳೂರಿನಲ್ಲಿ ಇದೇ ಭಾಷೆಯಿಂದ ಜೀವನೋಪಾಯ ಕಂಡುಕೊಳ್ಳುತ್ತಿದ್ದಾರೆ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಇಲ್ಲಿ ಅಪ್ರಸ್ತುತವಾಗಲಾರದು.

ಗೈಡೋ ವಾನ್ ರೋಸಮ್ ಅವರು ರೂಪಿಸಿದ ಪೈಥಾನ್ 1991ರಲ್ಲಿ ಬೆಳಕು ಕಂಡಿತು. ಅದರ ಎರಡನೆಯ ಆವೃತ್ತಿ 2000ದಲ್ಲಿಯೂ ಮೂರನೆಯದು 2008ರ ಡಿಸೆಂಬರಿನಲ್ಲಿಯೂ ಬಂದವು. ಮೂರನೆಯ ಆವೃತ್ತಿಯನ್ನು ಹಳೆಯದರೊಡನೆ ಪೂರ್ಣವಾಗಿ ಹೊಂದದಂತೆ ಬುದ್ಧಿಪೂರ್ವಕವಾಗಿಯೇ ಬದಲಿಸಲಾಯಿತು. ಎರಡನೆಯ ಆವೃತ್ತಿಗೆ ನೀಡುತ್ತಿದ್ದ ಬೆಂಬಲ 2020ರ ಜನವರಿ 1ರಂದು ನಿಂತಿತು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. 5ನ್ನು 2ರಿಂದ ಭಾಗಿಸೆಂದರೆ ಹಳೆಯ ಆವೃತ್ತಿ 2 ಎಂದು ಹೇಳುತ್ತದೆ, ಹೊಸದು 2.5 ಎನ್ನುತ್ತದೆ. ಅಂಕಗಳ ಸರಾಸರಿ ತೆಗೆಯುವಲ್ಲಿ ಇದರ ಪರಿಣಾಮವೇನೆಂಬುದನ್ನು ಊಹಿಸಬಹುದು. ಎರಡನೆಯದು ನಮ್ಮ ಕನ್ನಡಕ್ಕೇ ಸಂಬಂಧಿಸಿದುದು. ‘ಹೊಸೂರು’ ಎಂಬ ಪದದಲ್ಲಿ ನಾವು ಎಣಿಸುವುದು ಮೂರು ಅಕ್ಷರ. ಯೂನಿಕೋಡ್ ಸಂಕೇತಗಳಲ್ಲಿ ಮೂರು ವ್ಯಂಜನಗಳೂ ಮೂರು ಸ್ವರಚಿಹ್ನೆಗಳೂ ಸೇರಿ ಆರು. ಹೊಸ ಪೈಥಾನ್ 6 ಎಂದೇ ಎಣಿಸುತ್ತದೆ. ಆದರೆ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಹಳೆಯ ಪೈಥಾನಿನ ಸಾಮಾನ್ಯ ಪದಸರಣಿ 18 ಎನ್ನುತ್ತದೆ. ಮೊದಲ ಹತ್ತನ್ನು ಮಾತ್ರ ಮುದ್ರಿಸೆಂದು ಅದಕ್ಕೆ ಆಜ್ಞಾಪಿಸಿದರೆ ‘ಹೊಸ’ ಎಂಬುದೂ ಅದರ ಬಾಲಕ್ಕೆ ಓದಲಾಗದ ಒಂದು ಗುರುತೂ ಉಳಿಯುತ್ತವೆ. ವಿದ್ಯಾರ್ಥಿಯ ಹೆಸರು ಪ್ರಮಾಣಪತ್ರದಲ್ಲಿ ಹೀಗೆ ತುಂಡಾದರೆ ಅದನ್ನು ಅಲ್ಪ ದೋಷವೆನ್ನಲಾದೀತೆ?

ಒಂದೇ ಯಂತ್ರವಾದರೆ ಅದರ ಮುಂದೆ ಕುಳಿತು ತಂತ್ರಾಂಶವನ್ನು ಕೈಯಿಂದಲೇ ಅಳವಡಿಸಬಹುದು. ಪ್ರಯೋಗಾಲಯದಲ್ಲಿ ಮೂವತ್ತು ಯಂತ್ರಗಳಿದ್ದರೆ ಆಜ್ಞೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಆನ್ಸಿಬಲ್‌ನಂತಹ ಸಾಧನದ ಮೂಲಕ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಕಳುಹಿಸುವುದು ಜಾಣತನ. ಆದರೆ ಹೀಗೆ ಮಾಡಿದಾಗ ಒಂದು ತಪ್ಪು ಮೂವತ್ತು ತಪ್ಪಾಗುತ್ತದೆ. ‘ಪೈಥಾನ್ 3ನ್ನು ಅಳವಡಿಸು’ ಎಂದಷ್ಟೇ ಬರೆದರೆ ಉಬುಂಟು 18.04 ತನ್ನ ಭಂಡಾರದಿಂದ 3.6ನ್ನೂ, ಉಬುಂಟು 22.04 ತನ್ನದರಿಂದ 3.10ನ್ನೂ, ಉಬುಂಟು 24.04 ತನ್ನದರಿಂದ 3.12ನ್ನೂ ಕೊಡುತ್ತವೆ. ಆಜ್ಞೆ ಒಂದೇ, ಫಲ ಮೂರು ಬಗೆ! 2023ರಲ್ಲಿ ಬಂದ 3.12ರಿಂದ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಘಟಕವನ್ನು ಕೈಬಿಡಲಾಯಿತು. ಅದನ್ನೇ ನಂಬಿದ್ದ ಎಷ್ಟೋ ಹಳೆಯ ತಂತ್ರಾಂಶಗಳ ಅಳವಡಿಕೆ ಅಲ್ಲಿಗೇ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಅನುಭವಿಗಳು ಪಾಲಿಸುವ ನಿಯಮಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದಾಗಿ, ಆವೃತ್ತಿಯನ್ನು ಹೆಸರಿಸಿಯೇ ಕೇಳಬೇಕು. 3.12.4 ಎಂಬಲ್ಲಿ ಮೊದಲ ಅಂಕಿ ಭಾರಿ ಬದಲಾವಣೆಯನ್ನೂ, ಎರಡನೆಯದು ವರ್ಷಕ್ಕೊಮ್ಮೆ ಬರುವ ಹೊಸ ಸೌಲಭ್ಯಗಳನ್ನೂ, ಮೂರನೆಯದು ದೋಷಗಳ ತಿದ್ದುಪಡಿಯನ್ನೂ ಸೂಚಿಸುತ್ತವೆ. ಮೊದಲೆರಡನ್ನು ಕಟ್ಟಿಹಾಕಿ ಮೂರನೆಯದನ್ನು ಬದಲಾಗಲು ಬಿಡುವುದು ಲೇಸು. ಸುರಕ್ಷತೆಯ ತಿದ್ದುಪಡಿಗಳು ಬರುವುದು ಆ ದಾರಿಯಿಂದಲೇ.

ಎರಡನೆಯದಾಗಿ, ಕಾರ್ಯಾಚರಣ ವ್ಯವಸ್ಥೆಗೆ ಸೇರಿದ ಪೈಥಾನನ್ನು ಮುಟ್ಟಬಾರದು. ಲಿನಕ್ಸ್ ವ್ಯವಸ್ಥೆಯ ಹಲವು ಉಪಕರಣಗಳೇ ಅದನ್ನು ಆಶ್ರಯಿಸಿವೆ. ಅದನ್ನು ಕಿತ್ತು ಬೇರೊಂದನ್ನು ಇಟ್ಟರೆ ಮನೆಯ ಅಡಿಪಾಯವನ್ನೇ ಅಲುಗಾಡಿಸಿದಂತಾದೀತು. ಬೇಕಾದ ಆವೃತ್ತಿಯನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಇರಿಸಬೇಕು. ಕನ್ನಡ, ತಮಿಳು, ತೆಲುಗುಗಳು ನಮ್ಮೂರಿನ ಒಂದೇ ಬೀದಿಯಲ್ಲಿ ಬಾಳುತ್ತಿಲ್ಲವೇ?

ಮೂರನೆಯದಾಗಿ, ಒಂದೊಂದು ಕೆಲಸಕ್ಕೂ ಪ್ರತ್ಯೇಕ ಕೋಣೆ ಇರಬೇಕು. 2012ರಲ್ಲಿ ಬಂದ ಪೈಥಾನ್ 3.3ರಿಂದ ‘ವೆನ್ವ್’ ಎಂಬ ಸೌಲಭ್ಯ ಇದಕ್ಕೆಂದೇ ಇದೆ. ಆ ಕೋಣೆಯಲ್ಲಿರುವ ತಂತ್ರಾಂಶಗಳ ಹೆಸರನ್ನೂ ಆವೃತ್ತಿಯನ್ನೂ ಪಟ್ಟಿ ಮಾಡಿಟ್ಟರೆ ಬೇರೆ ಯಂತ್ರದಲ್ಲಿ ಅಂತಹುದೇ ಕೋಣೆಯನ್ನು ಮತ್ತೆ ಕಟ್ಟಬಹುದು.

ನಾಲ್ಕನೆಯದಾಗಿ, ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಅಳವಡಿಸಿದ ಮೇಲೆ ಆವೃತ್ತಿ ಯಾವುದೆಂದು ಯಂತ್ರವನ್ನೇ ಕೇಳುವ, ಬಯಸಿದುದು ಅಲ್ಲವಾದರೆ ಅಲ್ಲಿಯೇ ನಿಲ್ಲುವ ಆಜ್ಞೆಯೂ ಆ ಕಡತದಲ್ಲಿರಬೇಕು.

ಇಷ್ಟೆಲ್ಲ ಶ್ರಮವೇಕೆಂದು ಕೇಳುವವರುಂಟು. ಪ್ರಾಯೋಗಿಕ ಪರೀಕ್ಷೆಯ ದಿನ ಅಕ್ಕಪಕ್ಕದ ಯಂತ್ರಗಳೆರಡು ಒಂದೇ ಕ್ರಮವಿಧಿಗೆ ಬೇರೆ ಬೇರೆ ಉತ್ತರ ಕೊಟ್ಟರೆ ನಷ್ಟ ವಿದ್ಯಾರ್ಥಿಯದು. ಪ್ರಯೋಗಾಲಯವನ್ನು ಸಜ್ಜುಗೊಳಿಸಿದ ಅಧ್ಯಾಪಕರು ವರ್ಗವಾಗಿ ಹೋದರೆ ಅವರ ತಿಳಿವೂ ಅವರೊಡನೆಯೇ ಹೋಗುತ್ತದೆ; ಆವೃತ್ತಿಗಳನ್ನು ನಮೂದಿಸಿದ ಕಡತವಾದರೋ ಶಾಲೆಯಲ್ಲಿಯೇ ಉಳಿಯುತ್ತದೆ. ಐವತ್ತು ವರ್ಷಗಳ ದಾಖಲೆ ಪುಸ್ತಕಗಳನ್ನು ಜೋಪಾನವಾಗಿ ಕಾಯ್ದುಕೊಂಡು ಬಂದ ಶಾಲೆಗೆ ಬರೆದಿಡುವುದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮುಂದಿನ ಪೀಳಿಗೆಯ ಮಕ್ಕಳು ಈ ಶಿಸ್ತನ್ನು ಗಣಕಯಂತ್ರದ ಕೆಲಸದಲ್ಲಿಯೂ ರೂಢಿಸಿಕೊಳ್ಳಲೆಂದು ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಾರೈಸೋಣ.