ಬಾವಿಯ ನೀರೂ ಮಣ್ಣಿನೊಳಗಿನ ಕೆಲಸಗಾರರೂ

ಗೊಬ್ಬರದ ಗುಂಡಿಗೆ ಸಗಣಿ, ಗಂಜಲ, ಕಸಕಡ್ಡಿ, ತರಗೆಲೆ ತುಂಬಿ ಮೇಲೆ ಮಣ್ಣು ಮುಚ್ಚುತ್ತೀರಿ. ಕೆಲವು ತಿಂಗಳು ಕಳೆದು ತೆಗೆದು ನೋಡಿದರೆ ನಾತವೂ ಇಲ್ಲ, ಎಲೆಯ ಗುರುತೂ ಇಲ್ಲ. ಕರಿಯ ಪುಡಿಗೊಬ್ಬರ ಕೈಗೆ ಬರುತ್ತದೆ. ಇದನ್ನು ಮಾಡಿದವರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಕೂಲಿ ಕೇಳದೆ, ಹಗಲು ರಾತ್ರಿ ಎನ್ನದೆ ಅವು ದುಡಿಯುತ್ತವೆ.

ಇಂಥ ಜೀವಿಗಳು ಗುಂಡಿಯಲ್ಲಿ ಮಾತ್ರವಲ್ಲ, ಭೂಮಿಯ ಆಳದಲ್ಲಿ, ನಮ್ಮ ಬಾವಿಗೆ ಒಸರುವ ಅಂತರ್ಜಲದಲ್ಲಿಯೂ ಇವೆ. "ಹಾಗಾದರೆ ನೀರಿಗೆ ಸೇರಿದ ಎಣ್ಣೆ, ಗೊಬ್ಬರದ ಉಪ್ಪು, ವಿಷ ಎಲ್ಲವನ್ನೂ ಅವೇ ತಿಂದು ಹಾಕುತ್ತವಲ್ಲ, ನಮಗೇಕೆ ಚಿಂತೆ?" ಅಂತ ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರ ಕೊಡಬಲ್ಲ ಜಾಗವೊಂದು ಅಮೆರಿಕ ದೇಶದಲ್ಲಿದೆ. ವಿಜ್ಞಾನಿಗಳು ಅಲ್ಲಿ 1983ರಿಂದ ಮೊದಲ್ಗೊಂಡು ಹಲವು ದಶಕ ಬಿಡದೆ ನೆಲವನ್ನು ಅಗೆದು, ನೀರನ್ನು ಸೇದಿ ಪರೀಕ್ಷೆ ಮಾಡಿದ್ದಾರೆ. ಅವರು ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಒಡೆದ ಕೊಳವೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಬೆಮಿಜಿ ಎಂಬ ಊರು. ಅದರ ಹತ್ತಿರ ನೆಲದಡಿಯಲ್ಲಿ ಕಚ್ಚಾ ಎಣ್ಣೆ ಸಾಗಿಸುವ ದೊಡ್ಡ ಕೊಳವೆ ಹಾದುಹೋಗಿತ್ತು. 1979ನೇ ಇಸವಿ ಆಗಸ್ಟ್ 20ರಂದು ಆ ಕೊಳವೆ ಒಡೆಯಿತು. ಸುಮಾರು 17 ಲಕ್ಷ ಲೀಟರ್ ಎಣ್ಣೆ ಹೊರಕ್ಕೆ ಚಿಮ್ಮಿತು. ಬಳಿದು, ತೋಡಿ, ಸುಟ್ಟು, ಎಷ್ಟು ಪ್ರಯತ್ನಪಟ್ಟರೂ ಸುಮಾರು 4 ಲಕ್ಷ ಲೀಟರಿನಷ್ಟು ಮಣ್ಣಿನೊಳಗೇ ಉಳಿಯಿತು. ಅಲ್ಲಿಯದು ಮರಳು ನೆಲ. ಎಣ್ಣೆ ಇಳಿದು ಇಳಿದು ಅಂತರ್ಜಲದ ಮೇಲೆ ತೇಲುತ್ತಾ ನಿಂತಿತು.

ಎಣ್ಣೆಯಲ್ಲಿ ಬೆಂಜೀನ್, ಟಾಲ್ವೀನ್ ಎಂಬ ಅಂಶಗಳಿರುತ್ತವೆ. ಇವು ನೀರಿನಲ್ಲಿ ಕರಗಿ ನೀರಿನ ಜೊತೆ ಹರಿಯುತ್ತವೆ. ಬೆಂಜೀನ್ ಬಹುಕಾಲ ಮೈಗೆ ಸೇರಿದರೆ ರಕ್ತದ ಕ್ಯಾನ್ಸರ್ ತರಬಲ್ಲದು. ಬಣ್ಣವಿಲ್ಲದ ವಸ್ತು, ನೀರನ್ನು ನೋಡಿದರೆ ತಿಳಿಯುವುದಿಲ್ಲ.

1996ರ ಹೊತ್ತಿಗೆ ಅಲ್ಲಿಯ ಅಂತರ್ಜಲ ಸುಮಾರು 500 ಮೀಟರ್ ಮುಂದಕ್ಕೆ ಹರಿದಿತ್ತು. ಕರಗಿದ ವಿಷವೂ ಅಷ್ಟೇ ದೂರ ಹೋಗಬೇಕಿತ್ತಲ್ಲವೇ? ಆದರೆ ಅದು ಹೋಗಿದ್ದು ಸುಮಾರು 200 ಮೀಟರ್ ಮಾತ್ರ. ಅದನ್ನು ದಾರಿಯಲ್ಲೇ ತಡೆದವರು ಮಣ್ಣಿನೊಳಗಿನ ಆ ಜೀವಿಗಳೇ. ಎಣ್ಣೆಯ ಅಂಶವನ್ನು ಅವು ಆಹಾರ ಮಾಡಿಕೊಂಡಿದ್ದವು.

ಗಾಳಿಯಿಲ್ಲದೆ ಉಸಿರಾಟ

ಈಗ ಒಂದು ತೊಡಕು ಬರುತ್ತದೆ. ಊಟ ಮಾಡಿದವರು ಉಸಿರಾಡಲೂ ಬೇಕು. ಆಳದ ನೀರಿನಲ್ಲಿ ಆಮ್ಲಜನಕ ಸ್ವಲ್ಪವೇ ಇರುತ್ತದೆ. ಎಣ್ಣೆ ಬಿದ್ದ ಮೇಲೆ ಜೀವಿಗಳು ಮೊದಲು ಅದನ್ನೇ ಬಳಸಿ ಮುಗಿಸಿಬಿಡುತ್ತವೆ. ಆಮೇಲೆ?

ಆಮೇಲೆ ಬೇರೆ ಜಾತಿಯ ಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಕೆಲವು ನೈಟ್ರೇಟನ್ನು ಆಮ್ಲಜನಕದ ಬದಲಿಗೆ ಬಳಸುತ್ತವೆ. ಕೆಲವು ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ತುಕ್ಕನ್ನೇ ಬಳಸುತ್ತವೆ. ತುಕ್ಕಿನಿಂದ ಉಸಿರಾಟವೇ ಎಂದು ಆಶ್ಚರ್ಯಪಡಬೇಡಿ. ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟು ನೋಡಿ. ಮೇಲಿನ ತೆಳು ಪದರ ಕಂದಾಗಿರುತ್ತದೆ. ಕೆಳಗಿನ ಕೆಸರು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಗಾಳಿಯಾಡದ ಕಡೆ ಈ ಜೀವಿಗಳು ತುಕ್ಕನ್ನು ಬಳಸಿಕೊಂಡದ್ದರ ಗುರುತು ಅದು. ಎಲ್ಲವೂ ಮುಗಿದ ಮೇಲೆ ಕೊನೆಗೆ ಬರುವವು ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಇರುವಂಥವು, ಅಂದರೆ ಮೀಥೇನ್ ಅನಿಲ ಹುಟ್ಟಿಸುವಂಥವು.

ಡೆರೆಕ್ ಲವ್ಲಿ ಎಂಬ ವಿಜ್ಞಾನಿ 1987ರಲ್ಲಿ ಪೊಟೊಮ್ಯಾಕ್ ನದಿಯ ಹೂಳಿನಿಂದ ಹೀಗೆ ಕಬ್ಬಿಣ ಬಳಸುವ ಒಂದು ಜೀವಿಯನ್ನು ಬೇರ್ಪಡಿಸಿದರು. ಅದಕ್ಕೆ ಜಿಯೋಬ್ಯಾಕ್ಟರ್ ಎಂದು ಹೆಸರಾಯಿತು. ಅದು ಗಾಳಿಯಿಲ್ಲದೆಯೇ ಟಾಲ್ವೀನನ್ನು ತಿಂದು ಅರಗಿಸಬಲ್ಲದೆಂದು 1989ರಲ್ಲಿ ಅವರೂ ಮೇರಿ ಜೋ ಬೇಡೆಕರ್, ಇಸಾಬೆಲ್ ಕೊಝರೆಲ್ಲಿ ಮೊದಲಾದ ಸಂಗಡಿಗರೂ ಪ್ರಕಟಿಸಿದರು. ಬೆಮಿಜಿಯ ನೆಲದಡಿಯಲ್ಲಿ ನಡೆಯುತ್ತಿದ್ದ ಕೆಲಸದ ಬಗೆ ಇದರಿಂದ ತಿಳಿಯಿತು.

ಕೆಲಸಕ್ಕೂ ಒಂದು ಬೆಲೆ

ಇಷ್ಟು ಕೇಳಿ "ಸರಿ, ಮಣ್ಣು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ" ಎಂದು ಸುಮ್ಮನಾಗಬೇಡಿ. ಕಥೆಯ ಉಳಿದ ಭಾಗವನ್ನೂ ಕೇಳಬೇಕು.

ಮೊದಲನೆಯದು, ಕಾಲ. ಗುಂಡಿಯ ಗೊಬ್ಬರ ತಿಂಗಳುಗಳಲ್ಲಿ ಮಾಗುತ್ತದೆ. ಬೆಮಿಜಿಯಲ್ಲಿ ದಶಕಗಳು ಕಳೆದರೂ ಎಣ್ಣೆ ಪೂರ್ತಿ ಹೋಗಲಿಲ್ಲ.

ಎರಡನೆಯದು, ಹೊಸ ಕಂಟಕ. ಮಣ್ಣಿನ ತುಕ್ಕಿಗೆ ಪಾಷಾಣದ ಅಂಶ, ಅಂದರೆ ಆರ್ಸೆನಿಕ್, ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುವ ತನಕ ತೊಂದರೆಯಿಲ್ಲ. ಜೀವಿಗಳು ತುಕ್ಕನ್ನು ಕರಗಿಸಿದಾಗ ಅದು ಬಿಡಿಸಿಕೊಂಡು ನೀರಿಗೆ ಬರುತ್ತದೆ. ಬೆಮಿಜಿಯ ಕೆಟ್ಟ ನೀರಿನಲ್ಲಿ ಕೆಲವೆಡೆ ಕುಡಿಯುವ ನೀರಿನ ಮಿತಿಗಿಂತ 23 ಪಟ್ಟು ಆರ್ಸೆನಿಕ್ ಕಂಡುಬಂತು. ಒಂದು ವಿಷ ತಿನ್ನುವ ಕೆಲಸದಲ್ಲೇ ಇನ್ನೊಂದು ವಿಷ ಬಿಡುಗಡೆಯಾಯಿತು, ನೋಡಿ!

ಮೂರನೆಯದು, ನೆಲದ ಗುಣ. ಅಲ್ಲಿ ಮರಳಿನ ಸಂದುಗಳಲ್ಲಿ ನೀರು ನಿಧಾನವಾಗಿ ಸಾಗಿತು. ಜೀವಿಗಳಿಗೆ ಪುರಸತ್ತು ಸಿಕ್ಕಿತು. ನಮ್ಮ ಬಯಲುಸೀಮೆಯ ಬಹುಪಾಲು ಬಾವಿಗಳು ಕಲ್ಲುಬಂಡೆಯ ಬಿರುಕಿನ ನೀರನ್ನು ನಂಬಿದವು. ಬಿರುಕಿನಲ್ಲಿ ನೀರು ಬೇಗ ನುಗ್ಗಿಬಿಡಬಹುದು. ತಿನ್ನುವವರು ಎಲೆ ಹಾಕಿ ಕೂರುವ ಮೊದಲೇ ಊಟ ಬಾವಿಗೆ ಹೋಗಿರುತ್ತದೆ.

ನಮ್ಮ ನೈಟ್ರೇಟಿನ ಮಾತು

ಎಣ್ಣೆಗಿಂತ ನಮಗೆ ಹತ್ತಿರದ್ದು ನೈಟ್ರೇಟ್. ಇದು ತಿಪ್ಪೆಯಿಂದ, ಕೊಟ್ಟಿಗೆಯ ಗಂಜಲದಿಂದ, ಕಕ್ಕಸು ಗುಂಡಿಯಿಂದ, ಹೆಚ್ಚಾಗಿ ಎರಚಿದ ಯೂರಿಯಾದಿಂದ ನೀರಿಗಿಳಿಯುತ್ತದೆ. ಗದ್ದೆಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಯೂರಿಯಾದ ಒಂದು ಪಾಲು ಗದ್ದೆಯಲ್ಲಿ ನಷ್ಟವಾಗುವುದಕ್ಕೆ ಅದೂ ಒಂದು ಕಾರಣ. ಆದರೆ ಈ ಕೆಲಸಕ್ಕೆ ಅವಕ್ಕೆ ಆಹಾರವಾಗಿ ಕೊಳೆತ ಸೊಪ್ಪುಸದೆಯ ಅಂಶ ಬೇಕು, ಆಮ್ಲಜನಕ ಇರಬಾರದು. ಬಂಡೆಯ ನಡುವಿನ ನೀರಿನಲ್ಲಿ ಆ ಆಹಾರ ಬಲು ಕಡಿಮೆ. ಅದಕ್ಕಾಗಿಯೇ ಅಲ್ಲಿಗೆ ಇಳಿದ ನೈಟ್ರೇಟ್ ವರ್ಷಾನುಗಟ್ಟಲೆ ಉಳಿದುಬಿಡಬಹುದು.

ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಗೊತ್ತುಮಾಡಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಇದು ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಹಸುಗೂಸಿಗೆ ಕುಡಿಸಿದರೆ, ಮಗುವಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು, ಪ್ರಾಣಕ್ಕೂ ಅಪಾಯ. ತಾಯಂದಿರು ಇದನ್ನು ಮುಖ್ಯವಾಗಿ ನೆನಪಿಡಬೇಕು: ಕುದಿಸಿದರೆ ರೋಗದ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಇನ್ನು ಕೋಲಾರ, ತುಮಕೂರು ಕಡೆಯ ಹಲವು ಬಾವಿಗಳಲ್ಲಿರುವ ಫ್ಲೋರೈಡ್. ಅದು ಬಂಡೆಯಿಂದಲೇ ಕರಗಿ ಬರುವಂಥದು. ಯಾವ ಸೂಕ್ಷ್ಮಜೀವಿಯೂ ಅದನ್ನು ತಿಂದು ಇಲ್ಲವಾಗಿಸದು. ಜೋಡಣೆಯಾದ ವಸ್ತುವನ್ನು ಜೀವಿಗಳು ಬಿಡಿಸಬಲ್ಲವು, ಮೂಲವಸ್ತುವನ್ನು ಅಳಿಸಲಾರವು.

ಹಾಗಾದರೆ ಏನು ಮಾಡೋಣ?

1. ಪಂಪುಸೆಟ್ಟಿನ ಡೀಸೆಲ್ ಪೀಪಾಯಿಯನ್ನು ಬಾವಿಯ ಕಟ್ಟೆಯ ಮೇಲಾಗಲಿ, ಕೊಳವೆ ಬಾವಿಯ ಪಕ್ಕದಲ್ಲಾಗಲಿ ಇಡಬೇಡಿ. ಹಳೆಯ ಎಂಜಿನ್ ಆಯಿಲನ್ನು ನೆಲಕ್ಕೆ ಸುರಿಯಬೇಡಿ. ಡಬ್ಬದಲ್ಲಿ ಶೇಖರಿಸಿ, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

2. ಔಷಧಿ ಸಿಂಪಡಿಸುವ ಪಂಪನ್ನು ಬಾವಿಯ ಹತ್ತಿರ ತೊಳೆಯಬೇಡಿ. ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಸಿಂಪಡಿಸಿ.

3. ತಿಪ್ಪೆಯೂ ಕಕ್ಕಸು ಗುಂಡಿಯೂ ಬಾವಿಯಿಂದ ಕಡಿಮೆಯೆಂದರೂ 50 ಅಡಿ ದೂರವಿರಲಿ, ಇಳಿಜಾರಿನ ಕೆಳಗಡೆ ಇರಲಿ. ಬಂಡೆ ಬಿರುಕಿನ ನೆಲವಾದರೆ ಇನ್ನೂ ದೂರ ಮಾಡಿ.

4. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಕಂತಾಗಿ, ಬೆಳೆ ಹೀರುವ ಹೊತ್ತಿಗೆ ಕೊಡಿ. ಹಣವೂ ಉಳಿಯಿತು, ನೀರೂ ಉಳಿಯಿತು.

5. ಪಾಳುಬಿದ್ದ ಕೊಳವೆ ಬಾವಿಯ ಬಾಯಿಯನ್ನು ಭದ್ರವಾಗಿ ಮುಚ್ಚಿಸಿ. ಕೊಳೆನೀರಿಗೆ ಅದು ನೇರವಾದ ಬಾಗಿಲು.

6. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬಸುರಿ, ಹಸುಗೂಸು ಇದ್ದರೆ ತಡಮಾಡಬೇಡಿ.

ಬಾಂಧವರೇ, ಮಣ್ಣಿನೊಳಗಿನ ಈ ಕೆಲಸಗಾರರು ನಂಬಿಕಸ್ಥರೇ ಸರಿ. ಆದರೆ ಒಬ್ಬ ಆಳು ಹೊರಲಾರದ ಮೂಟೆಯನ್ನು ಅವನ ತಲೆಯ ಮೇಲೆ ಹೊರಿಸುತ್ತೇವೆಯೇ? ಅವು ಮಾಡುವಷ್ಟನ್ನು ಅವು ಮಾಡಲಿ. ನೀರಿಗೆ ವಿಷ ಬೀಳದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ನೀರು ಕೆಡಲು ಒಂದು ದಿನ ಸಾಕು, ತಿಳಿಯಾಗಲು ಒಂದು ತಲೆಮಾರೂ ಸಾಲದು.