ಪಂಜರದ ಗಿಣಿಯ ರಾತ್ರಿಭಯ

ನಡುರಾತ್ರಿ, ಮನೆಯೆಲ್ಲ ನಿಶ್ಶಬ್ದ. ಇದ್ದಕ್ಕಿದ್ದಂತೆ ಪಂಜರದಲ್ಲಿ ರೆಕ್ಕೆಯ ಬಡಿತ, ಕಿರಿಚಾಟ. ದೀಪ ಹಾಕಿ ನೋಡಿದರೆ ಹಕ್ಕಿ ತಳದಲ್ಲಿ ಬಿದ್ದು ಏದುಸಿರು ಬಿಡುತ್ತಿದೆ. ಕಂಬಿಗಳ ಮೇಲೆ ರಕ್ತದ ಕಲೆ. ಗಿಣಿ ಸಾಕಿದ ಶ್ರೋತೃಗಳಲ್ಲಿ ಕೆಲವರಾದರೂ ಇದನ್ನು ಕಂಡಿರಬಹುದು. ಬೆಕ್ಕು ಬಂದಿತೆಂದೋ ದೃಷ್ಟಿ ತಾಗಿತೆಂದೋ ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಬಹುಮಟ್ಟಿಗೆ ಇದರ ಮೂಲವು ಹಕ್ಕಿಯ ಸ್ವಭಾವದಲ್ಲಿಯೇ ಇದೆ.

ನಮ್ಮ ನಾಡಿನ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಈಗ ಅಪರಾಧ. ಆದುದರಿಂದ ನಾವು ಇಲ್ಲಿ ಹೇಳುವುದು ಗಿಣಿಯ ಬಳಗದ, ಆಸ್ಟ್ರೇಲಿಯ ಮೂಲದ, ಕಾಕಟೀಲ್ ಹಕ್ಕಿಯ ಮಾತು. ರಾತ್ರಿಭಯವು ಅದರಲ್ಲಿಯೇ ಹೆಚ್ಚು. ಬಯಲುನಾಡಿನಲ್ಲಿ ಗುಂಪಾಗಿ ಬಾಳುವ ಇದಕ್ಕೆ ಗಿಡುಗ ಮೊದಲಾದವು ಶತ್ರುಗಳು. ಶಂಕೆ ಬಂದೊಡನೆ ಹಾರಿಬಿಡುವುದೇ ಅದರ ರಕ್ಷಣೆ. ಬಯಲಿನಲ್ಲಿ ಪ್ರಾಣ ಉಳಿಸುವ ಈ ಗುಣವೇ ಪಂಜರದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಹಗಲಿನಲ್ಲಿ ಚುರುಕಾದ ಕಣ್ಣು ಕತ್ತಲೆಯಲ್ಲಿ ಮಂದ. ಇಲಿ ಸುಳಿದರೆ, ಬೀದಿಯ ವಾಹನದ ಬೆಳಕು ಗೋಡೆಯ ಮೇಲೆ ಹರಿದರೆ, ಅದು ಬೆಚ್ಚಿ ಹಾರುತ್ತದೆ. ಬಿಟ್ಟ ಕೋಲು ಮತ್ತೆ ಸಿಕ್ಕದು. ಕಂಬಿಗೆ ಬಡಿದಷ್ಟೂ ಭಯ ಬೆಳೆಯುತ್ತದೆ. ಹೊಸದಾಗಿ ಮೂಡುತ್ತಿರುವ ಗರಿಗಳೊಳಗೆ ರಕ್ತ ಹರಿಯುತ್ತಿರುತ್ತದೆ. ಅವು ಮುರಿದರೆ ರಕ್ತಸ್ರಾವವಾಗುತ್ತದೆ.

ಮೊದಲ ಸಲ ನಾವು ಗಾಬರಿಯಿಂದ ಓಡಿ ಪಂಜರದೊಳಗೆ ಕೈಹಾಕಿದೆವು. ಕತ್ತಲೆಯಿಂದ ಬಂದ ಆ ಕೈ ಹಕ್ಕಿಗೆ ಗಿಡುಗನ ಉಗುರಿನಂತೆಯೇ ತೋರಿರಬೇಕು. ಅದು ಇನ್ನಷ್ಟು ಒದ್ದಾಡಿತು. ಮಾಡಬೇಕಾದುದು ಬೇರೆ. ಮೊದಲು ದೂರದಿಂದಲೇ ಮೆಲುದನಿಯಲ್ಲಿ ಮಾತನಾಡಿಸಿ, ಅನಂತರ ಮಂದವಾದ ದೀಪ ಹಾಕಿ, ಅದು ತಾನಾಗಿ ಕೋಲನ್ನೇರುವವರೆಗೆ ಕಾಯಬೇಕು. ರಕ್ತ ಸುರಿಯುತ್ತಿದ್ದರೆ ಮಾತ್ರ ಮೃದುವಾದ ಬಟ್ಟೆಯಲ್ಲಿ ಹಿಡಿದು, ಗಾಯವನ್ನು ಮೆಲ್ಲಗೆ ಒತ್ತಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಭಯ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೇಲು. ಹಕ್ಕಿಗೆ ಪ್ರತಿದಿನವೂ ಹತ್ತು ಹನ್ನೆರಡು ಗಂಟೆಗಳ ನಿದ್ರೆ ಬೇಕು. ಪಂಜರವನ್ನು ಕಿಟಕಿಯಿಂದ ದೂರವಿಡಬೇಕು. ಅಲುಗುವ ಆಟದ ಸಾಮಾನುಗಳನ್ನು ರಾತ್ರಿ ತೆಗೆದುಬಿಡಬೇಕು. ಹೊದಿಕೆ ಹಾಕಿದರೆ ಒಂದು ಪಕ್ಕವನ್ನು ತೆರೆದಿಟ್ಟು, ಕೋಣೆಯಲ್ಲಿ ಸಣ್ಣ ದೀಪವೊಂದನ್ನು ಉರಿಯಬಿಡಬೇಕು. ದೀಪಾವಳಿಯ ದಿನಗಳಲ್ಲಿ ಸಂಜೆಗೆ ಮೊದಲೇ ಪಂಜರವನ್ನು ಒಳಕೋಣೆಗೆ ಸಾಗಿಸುವುದು ಲೇಸು.

ಹಕ್ಕಿಗೆ ಧೈರ್ಯ ಕಲಿಸುವುದು ನಮ್ಮಿಂದಾಗದು. ಅದು ಕುಳಿತ ಕೋಲು ಅದಕ್ಕೆ ಕಾಣುವಷ್ಟು ಬೆಳಕು ಕೊಡುವುದು ಆದೀತು. ಹಾರಿಹೋಗುವ ದಾರಿಯನ್ನು ಮುಚ್ಚಿದವರು ನಾವು. ಅಷ್ಟಾದರೂ ನಮ್ಮ ಹೊಣೆ.