ನಾಲ್ಕು ಚಕ್ರದ ಬೈಕ್: ಮಾಲೀಕರ ಮಾತನ್ನು ಎಷ್ಟು ನಂಬಬೇಕು?



ಇತ್ತೀಚೆಗೆ ಒಂದು ಸಂಘದ ಸಭೆ ಮುಗಿದ ಮೇಲೆ ಯುವ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ನ್ಯೂಜಿಲೆಂಡಿನ ಡೇರಿ ಫಾರಂ ಒಂದರಲ್ಲಿ ಕೆಲಸಕ್ಕಿರುವ ಅವರ ಬಂಧು ದಪ್ಪ ಗಾಲಿಗಳ ನಾಲ್ಕು ಚಕ್ರದ ಬೈಕಿನ ಮೇಲೆ ಕುಳಿತಿದ್ದರು. ಮುಂದೆ ಹಸುಗಳ ಉದ್ದನೆಯ ಸಾಲು. "ಡಾಕ್ಟ್ರೇ, ಅಲ್ಲಿ ಇಟ್ಟುಕೊಂಡವರೆಲ್ಲ ಇದು ಗಟ್ಟಿ ಗಾಡಿ ಅನ್ನುತ್ತಾರಂತೆ. ಮೇವು ತರೋಕೆ, ಹಾಲು ಸಾಗಿಸೋಕೆ ಸಾಲ ಮಾಡಿ ಒಂದು ತಂದರೆ ಹೇಗೆ? ನಂಬಬಹುದಾ?" ಎಂದು ಕೇಳಿದರು.

ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ. ಆ ದೇಶಗಳ ರೈತರೂ ಪಶುವೈದ್ಯರೂ ಬರೆದಿರುವುದನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಬೈಕನ್ನು ಎಂದೂ ಕೊಳ್ಳದವರಿಗೂ ಇದರಿಂದ ಉಪಯೋಗವಿದೆ. ಹಾಲು ಕರೆಯುವ ಯಂತ್ರವಾಗಲಿ, ಮೇವು ಕತ್ತರಿಸುವ ಯಂತ್ರವಾಗಲಿ, ನಾವು ಕೊಳ್ಳುವುದು ಹೆಚ್ಚಾಗಿ ಮತ್ತೊಬ್ಬ ಮಾಲೀಕರ ಮಾತು ಕೇಳಿಯೇ ಅಲ್ಲವೇ?

ಈ ವಾಹನ ಬಂದ ಬಗೆ

ಇದಕ್ಕೆ ಎ.ಟಿ.ವಿ. ಎಂದು ಹೆಸರು. ಎಲ್ಲ ಬಗೆಯ ನೆಲದಲ್ಲೂ ಓಡುವ ವಾಹನ ಎಂದು ಅರ್ಥ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಕ್ವಾಡ್ ಬೈಕ್ ಎನ್ನುತ್ತಾರೆ. ಮೊದಲು ಬಂದದ್ದು ಮೂರು ಚಕ್ರದ್ದು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಚಳಿಗಾಲದಲ್ಲಿ ಮೋಟಾರ್ ಸೈಕಲ್ ವ್ಯಾಪಾರ ಕುಸಿಯುತ್ತಿದ್ದುದರಿಂದ ಆ ಕಾಲಕ್ಕೂ ಮಾರುವಂಥದ್ದೊಂದು ಬೇಕಾಗಿತ್ತು. ಮೂರು ಚಕ್ರದ ಗಾಡಿ ತಿರುವಿನಲ್ಲಿ ಮಗುಚಿ ಬಹಳ ಜನ ಗಾಯಗೊಂಡರು. 1988ರಲ್ಲಿ ಅಮೆರಿಕ ಸರ್ಕಾರಕ್ಕೂ ತಯಾರಕರಿಗೂ ಆದ ಒಪ್ಪಂದದಂತೆ ಅದರ ಮಾರಾಟ ನಿಂತಿತು. ಅಷ್ಟರಲ್ಲಿ, 1980ರ ದಶಕದ ಮೊದಲ ಭಾಗದಲ್ಲೇ, ಸುಜುಕಿ ಕಂಪನಿ ನಾಲ್ಕು ಚಕ್ರದ ಗಾಡಿಯನ್ನು ತಂದಿತ್ತು. ರೈತರ ಜಮೀನಿಗೆ ಬಂದು ನಿಂತದ್ದು ಈ ಬಗೆಯದು.

ನ್ಯೂಜಿಲೆಂಡಿನ ಡೇರಿ ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳಿರುತ್ತವೆ. ನಮ್ಮಲ್ಲಿಯಂತೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಪದ್ಧತಿ ಅಲ್ಲಿಲ್ಲ. ಹಸುಗಳು ಹುಲ್ಲುಗಾವಲಿನಲ್ಲಿದ್ದು ಕರೆಯುವ ಹೊತ್ತಿಗೆ ದೊಡ್ಡಿಗೆ ನಡೆದು ಬರುತ್ತವೆ. ಅವನ್ನು ಕರೆತರಲು, ಕರುಗಳಿಗೆ ಹಾಲಿನ ಗಾಡಿ ಎಳೆಯಲು, ವಿದ್ಯುತ್ ಬೇಲಿ ಸರಿಸಲು, ಕಳೆನಾಶಕ ಸಿಂಪಡಿಸಲು ದಿನವಿಡೀ ಈ ಬೈಕು ಬೇಕು. ಹಾಲಿನ ಕ್ಯಾನು ಹೊರುವ ಕೆಲಸ ಮಾತ್ರ ಅದಕ್ಕಿಲ್ಲ. ಅಲ್ಲಿ ಟ್ಯಾಂಕರ್ ಲಾರಿ ಫಾರಂ ಬಾಗಿಲಿಗೇ ಬಂದು ಹಾಲು ಒಯ್ಯುತ್ತದೆ.

ಮಾಲೀಕರು ಹೇಳುವುದೇನು?

'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ. ಕೈಯಿಂದ ಹಣ ಕೊಟ್ಟು ತಂದವನು ತನ್ನ ಆಯ್ಕೆ ತಪ್ಪೆಂದು ಬೇಗ ಒಪ್ಪುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯನ್ನು ಒಬ್ಬರು ಹೊಗಳಿದರೆ ಇನ್ನೊಬ್ಬರು ತೆಗಳುವುದೂ ಉಂಟು. ವಿಚಾರಿಸಿ ನೋಡಿದರೆ ಇಬ್ಬರ ಮಾತೂ ನಿಜವಾಗಿರುತ್ತದೆ. ವ್ಯತ್ಯಾಸ ಇರುವುದು ಗಾಡಿಯಲ್ಲಲ್ಲ, ಕೆಲಸದಲ್ಲಿ ಮತ್ತು ಆರೈಕೆಯಲ್ಲಿ. ಸಾಮಾನ್ಯವಾಗಿ ಕೇಳಿಬರುವ ದೂರುಗಳನ್ನೇ ನೋಡಿ.

1. ಬೆಲ್ಟ್: ಗೇರ್ ಬದಲಿಸಬೇಕಿಲ್ಲದ ಗಾಡಿಗಳಲ್ಲಿ ಹೆಚ್ಚಿನವು ರಬ್ಬರ್ ಬೆಲ್ಟಿನಿಂದ ಓಡುತ್ತವೆ. ಬೆಲ್ಟಿನ ಪೆಟ್ಟಿಗೆಗೆ ನೀರು ಹೊಕ್ಕರೆ ಅದು ಜಾರುತ್ತದೆ. ಭಾರ ಎಳೆಯುವಾಗ ನಿಧಾನದ ಗೇರಿಗೆ ಹಾಕದಿದ್ದರೆ ಸುಡುತ್ತದೆ. ಸಮತಟ್ಟು ಜಾಗದವರು ಇದನ್ನು ಹೊಗಳುತ್ತಾರೆ. ಹಳ್ಳ ದಾಟುವವರೂ ಭಾರ ಎಳೆಯುವವರೂ ಕಾಲಿನಿಂದ ಗೇರ್ ಹಾಕುವ ಗಾಡಿಯೇ ಲೇಸು ಎನ್ನುತ್ತಾರೆ.

2. ಬ್ಯಾಟರಿ: ಬೇಲಿಯಿಂದ ಬೇಲಿಗೆ ನಿಲ್ಲಿಸುತ್ತಾ, ದಿನಕ್ಕೆ ಹತ್ತಾರು ಬಾರಿ ಗುಂಡಿ ಒತ್ತಿ ಚಾಲೂ ಮಾಡಿದರೆ ಬ್ಯಾಟರಿ ತುಂಬಲು ಸಮಯವೇ ಸಿಗದು. ದೂರ ಓಡಿಸುವವರಲ್ಲಿ ಈ ದೂರು ಕಡಿಮೆ.

3. ಚಕ್ರದ ದಂಡದ ರಬ್ಬರ್ ಚೀಲ: ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲಿಗೆ ರಬ್ಬರ್ ಚೀಲದ ಹೊದಿಕೆ ಇರುತ್ತದೆ. ಮುಳ್ಳು ತಗಲಿ ಅದು ಹರಿದರೆ ಒಳಗೆ ಮರಳು ಸೇರಿ ಕೀಲು ಸವೆದು ಹೋಗುತ್ತದೆ. ಹರಿದ ದಿನವೇ ಬದಲಿಸಿದವನಿಗೆ ಸಣ್ಣ ಖರ್ಚು, ನೋಡದೆ ಬಿಟ್ಟವನಿಗೆ ದೊಡ್ಡ ಖರ್ಚು.

4. ಬೇರಿಂಗ್ ಮತ್ತು ಬ್ರೇಕ್: ಕೆಸರು, ಸಗಣಿ ನೀರು, ಚೆಲ್ಲಿದ ಹಾಲು ಇವೆಲ್ಲ ತಂತಿಗಳನ್ನೂ ಬ್ರೇಕನ್ನೂ ತಿನ್ನುತ್ತವೆ. ಹಾಗೆಂದು ಜೋರು ಒತ್ತಡದ ನೀರನ್ನು ನೇರವಾಗಿ ಬಿಟ್ಟು ತೊಳೆದರೆ ಬೇರಿಂಗಿನ ಗ್ರೀಸ್ ಕೊಚ್ಚಿಹೋಗುತ್ತದೆ. ಶುಚಿ ಮಾಡಿಯೇ ಕೆಡಿಸಿದವರೂ ಇದ್ದಾರೆ.

5. ಗಾಳಿಯ ಸೋಸುಕ: ಧೂಳಿನ ಜಾಗದಲ್ಲಿ ಇದನ್ನು ಮರೆತವನ ಎಂಜಿನ್ ಬೇಗ ಸವೆಯುತ್ತದೆ.

ಈ ಪಟ್ಟಿಯಲ್ಲಿ ಕಂಪನಿಯ ಹೆಸರು ಹೇಳಿಲ್ಲ ಎಂಬುದನ್ನು ಗಮನಿಸಿ. ಹೆಸರಿಗಿಂತ ಬಳಕೆ ದೊಡ್ಡದು. ಹಾಗೆಯೇ ಎಷ್ಟು ವರ್ಷ ಹಳೆಯದು ಎಂದು ಕೇಳುವುದಕ್ಕಿಂತ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಕೇಳುವುದು ಸರಿ. ವಾರಕ್ಕೊಮ್ಮೆ ತೆಗೆಯುವ ಗಾಡಿಯೂ ದಿನಕ್ಕೆ ನಾಲ್ಕು ಗಂಟೆ ದುಡಿಯುವ ಗಾಡಿಯೂ ಒಂದೇ ವಯಸ್ಸಿನವಾಗಿದ್ದರೂ ಸಮವಲ್ಲ.

ನಾನೇ ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು ತಮ್ಮ ಮೇವು ಕತ್ತರಿಸುವ ಯಂತ್ರವನ್ನು ಬಹಳ ಹೊಗಳಿದರು. ನಾನು ಆ ಮಾತನ್ನೇ ನಂಬಿ ಪಕ್ಕದ ಊರಿನ ಇನ್ನೊಬ್ಬ ಸದಸ್ಯರಿಗೆ ಅದನ್ನೇ ಕೊಳ್ಳಲು ಹೇಳಿದೆ. ಮೊದಲನೆಯವರು ಕತ್ತರಿಸುತ್ತಿದ್ದುದು ಎಳೆಯ ನೇಪಿಯರ್ ಹುಲ್ಲು. ಎರಡನೆಯವರು ಕತ್ತರಿಸಿದ್ದು ಒಣಗಿದ ಜೋಳದ ದಂಟು. ಎರಡು ತಿಂಗಳಲ್ಲಿ ಅಲಗು ಮೊಂಡಾಗಿ, ಒಂದು ದಿನ ಮೋಟಾರು ಸುಟ್ಟಿತು. ಯಂತ್ರ ಕೆಟ್ಟದ್ದೇನಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಹಸು ತೋರಿಸಲು ಬಂದವರನ್ನು ಏನು ತಿನ್ನಿಸಿದಿರಿ, ಯಾವಾಗ ಕರು ಹಾಕಿತು, ಹಿಂದೆ ಏನು ಕಾಯಿಲೆ ಆಗಿತ್ತು ಎಂದು ಹತ್ತು ಪ್ರಶ್ನೆ ಕೇಳುವ ನಾನು ಯಂತ್ರದ ವಿಷಯದಲ್ಲಿ ಒಂದನ್ನೂ ಕೇಳಲಿಲ್ಲ. ಆ ಸದಸ್ಯರು ಇಂದಿಗೂ ಒಂದು ಮಾತು ಆಡಿಲ್ಲ. ಅದೇ ನನಗೆ ಹೆಚ್ಚು ನೋವು.

ಬೆಳಿಗ್ಗೆ ಚಾಲೂ ಆದರೆ ಸಾಲದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾಲೀಕರು 'ನಂಬಬಹುದು' ಎಂದಾಗ ಅದರ ಅರ್ಥ, ಬೆಳಿಗ್ಗೆ ಗುಂಡಿ ಒತ್ತಿದರೆ ಓಡುತ್ತದೆ ಎಂದಷ್ಟೇ. ಕೂತವನು ಸಂಜೆ ಸುಖವಾಗಿ ಮನೆಗೆ ಬರುತ್ತಾನೆ ಎಂಬುದು ಬೇರೆ ಮಾತು.

ಕ್ವಾಡ್ ಬೈಕಿನ ತೂಕ ಸುಮಾರು 300 ಕಿಲೋ. ಅಗಲ ಕಡಿಮೆ, ಎತ್ತರ ಹೆಚ್ಚು. ಸವಾರನು ಮೈ ವಾಲಿಸಿ ಸಮತೋಲ ಕಾಯಬೇಕು. ಸೀಟ್ ಬೆಲ್ಟ್ ಇಲ್ಲ, ತಲೆಯ ಮೇಲೆ ಚೌಕಟ್ಟೂ ಇಲ್ಲ. ಇಳಿಜಾರಿನಲ್ಲಿ, ಔಷಧಿಯ ಟ್ಯಾಂಕು ಅರ್ಧ ತುಂಬಿದ್ದಾಗ ಒಳಗಿನ ದ್ರವ ಒಂದು ಕಡೆಗೆ ಹರಿದು ಗಾಡಿಯನ್ನು ಎಳೆಯುತ್ತದೆ. ಚಕ್ರಗಳಲ್ಲಿ ಗಾಳಿ ಹೆಚ್ಚು ಕಡಿಮೆ ಇದ್ದರೂ ಅದು ವಾಲುತ್ತದೆ. ಮಗುಚಿದಾಗ ಸವಾರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಕೆಲವರಿಗೆ ಮೂಳೆಯೂ ಮುರಿದಿರುವುದಿಲ್ಲ. ಎದೆಯ ಮೇಲಿನ ಭಾರದಿಂದ ಉಸಿರಾಡಲಾಗದೆ, ಹತ್ತಿರ ಯಾರೂ ಇಲ್ಲದೆ, ಹೊಲದಲ್ಲೇ ಪ್ರಾಣ ಬಿಟ್ಟಿದ್ದಾರೆ.

ಆಸ್ಟ್ರೇಲಿಯಾದಲ್ಲಿ ಇಂತಹ ಸಾವುಗಳ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಸೀಟಿನ ಹಿಂದೆ ಗಟ್ಟಿ ಕಮಾನು ಅಳವಡಿಸಿದರೆ ಮಗುಚಿದರೂ ಅಡಿಯಲ್ಲಿ ಜಾಗ ಉಳಿಯುತ್ತದೆ ಎಂದು ಒಂದು ಪಕ್ಷ. ಕಮಾನೇ ಬಡಿದು ಗಾಯವಾದೀತು, ಹೆಲ್ಮೆಟ್ಟೂ ತರಬೇತಿಯೂ ಸಾಕು ಎಂದು ತಯಾರಕರ ಪಕ್ಷ. ಕೊನೆಗೆ ಸರ್ಕಾರ 2019ರಲ್ಲಿ ನಿಯಮ ತಂದಿತು. ಅದರಂತೆ 2021ರ ಅಕ್ಟೋಬರಿನಿಂದ ಜಮೀನಿನ ಕೆಲಸದ ಹೊಸ ಕ್ವಾಡ್ ಬೈಕಿಗೆ ಇಂತಹ ರಕ್ಷಣೆಯೂ ನಿಗದಿತ ಸ್ಥಿರತೆಯೂ ಕಡ್ಡಾಯವಾದವು. ಹೋಂಡಾ, ಯಮಹಾ ಕಂಪನಿಗಳು ಅದನ್ನು ಒಪ್ಪದೆ ಅಲ್ಲಿ ಆ ಬೈಕುಗಳ ಮಾರಾಟವನ್ನೇ ನಿಲ್ಲಿಸಿದವು. ಹಲವು ರೈತರು ಸೀಟ್ ಬೆಲ್ಟೂ ಚೌಕಟ್ಟೂ ಇರುವ, ಇಬ್ಬರು ಪಕ್ಕಪಕ್ಕ ಕೂರುವ ಪುಟ್ಟ ಗಾಡಿಗಳಿಗೆ ಬದಲಾಯಿಸಿಕೊಂಡರು.

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು: "ಇಷ್ಟು ವರ್ಷ ಓಡಿಸಿದ್ದೇನೆ, ನನಗೇನೂ ಆಗಿಲ್ಲ." ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಏನಾದರೂ ಆದವರು ಬಂದು ಅಭಿಪ್ರಾಯ ಹೇಳಲಾರರು. ನಮ್ಮ ಕಿವಿಗೆ ಬೀಳುವುದು ಉಳಿದವರ ಮಾತು ಮಾತ್ರ. ಮಾಲೀಕರ ಅಭಿಪ್ರಾಯ ಎಷ್ಟೇ ಒಳ್ಳೆಯದಿದ್ದರೂ ಈ ಕೊರತೆ ಅದರಲ್ಲಿ ಇದ್ದೇ ಇರುತ್ತದೆ.

ಹಸುವಿನ ಅಭಿಪ್ರಾಯ

ಪಶುವೈದ್ಯನಾಗಿ ಇನ್ನೊಂದು ಮಾತು ಹೇಳಲೇಬೇಕು. ಬೈಕಿನಲ್ಲಿ ಹಿಂದಿನಿಂದ ಒತ್ತರಿಸಿದರೆ ಹಸುಗಳು ತಲೆ ಎತ್ತಿ, ಒಂದರ ಮೇಲೊಂದು ಬಿದ್ದು ನಡೆಯುತ್ತವೆ. ಕಾಲಿಡುವ ಜಾಗ ಅವಕ್ಕೆ ಕಾಣುವುದಿಲ್ಲ. ಕಲ್ಲು ತುಳಿದು ಗೊರಸು ಗಾಯವಾಗುತ್ತದೆ. ನ್ಯೂಜಿಲೆಂಡಿನಲ್ಲಿ 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಸುಗಳ ಕುಂಟುವಿಕೆಗೆ ಮುಖ್ಯವಾಗಿ ಸಂಬಂಧಪಟ್ಟದ್ದು ಎರಡು ಸಂಗತಿ ಎಂದು ಕಂಡುಬಂತು: ದಾರಿಯ ಸ್ಥಿತಿ ಮತ್ತು ಹಸು ಹೊಡೆದು ತರುವವನ ತಾಳ್ಮೆ. ಕುಂಟುವ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಸುತ್ತದೆ. ನಾಲ್ಕೈದು ರಾಸುಗಳನ್ನು ಮೇಯಿಸಿ ತರುವ ನಮಗೂ ಇದು ಅನ್ವಯಿಸುತ್ತದೆ.

ಕೊಳ್ಳುವ ಮೊದಲು ಮಾಲೀಕರನ್ನು ಕೇಳಬೇಕಾದ ಪ್ರಶ್ನೆಗಳು

1. ಇದರಿಂದ ದಿನವೂ ಯಾವ ಕೆಲಸ ಮಾಡುತ್ತೀರಿ? ನನ್ನ ಕೆಲಸವೂ ಅದೇ ತಾನೇ?
2. ಒಟ್ಟು ಎಷ್ಟು ಗಂಟೆ ಓಡಿದೆ?
3. ಓಡಿಸುವವರು ಯಾರು? ನೀವೋ, ಆಳೋ, ಮಕ್ಕಳೋ?
4. ಎಣ್ಣೆ, ಸೋಸುಕ, ಬೆಲ್ಟ್ ಯಾವಾಗ ಬದಲಿಸಿದಿರಿ?
5. ಕೆಟ್ಟಾಗ ರಿಪೇರಿಯವರು ಎಷ್ಟು ದೂರ? ಬಿಡಿಭಾಗ ಬರಲು ಎಷ್ಟು ದಿನ?
6. ಇದರಿಂದ ಯಾರಿಗಾದರೂ ಪೆಟ್ಟಾಗಿದೆಯೇ?
7. ಇದೇ ಯಂತ್ರ ಕೊಂಡು ಮಾರಿಬಿಟ್ಟವರು ಯಾರಾದರೂ ಗೊತ್ತೇ? ಗೊತ್ತಿದ್ದರೆ ಅವರನ್ನೂ ಕಂಡು ಮಾತನಾಡಿ.

ಯುವ ಸದಸ್ಯರಿಗೆ ನಾನು ಹೇಳಿದ್ದು

ಆ ಸದಸ್ಯರಿಗಿರುವುದು ಮೂರು ಮಿಶ್ರತಳಿ ಹಸು. ಹೊಲದಿಂದ ಮನೆಗೆ ಅರ್ಧ ಕಿಲೋಮೀಟರು, ಮನೆಯಿಂದ ಸಂಘಕ್ಕೆ ಡಾಂಬರು ರಸ್ತೆ. ನಮ್ಮ ದೇಶದಲ್ಲಿ ಸಿಗುವ ಎ.ಟಿ.ವಿ.ಗಳಲ್ಲಿ ಹೆಚ್ಚಿನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಕೊಳ್ಳಲೇಬೇಕೆನ್ನುವವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯ ಬಗ್ಗೆ ವಿಚಾರಿಸಬೇಕು. ರಿಪೇರಿಗೆ ದೊಡ್ಡ ಪಟ್ಟಣಕ್ಕೇ ಹೋಗಬೇಕು. ಮೇಲಿನ ಏಳು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೂ ಐದನೆಯದಕ್ಕೂ ಅವರಿಗೆ ಅನುಕೂಲವಾದ ಉತ್ತರ ಸಿಗಲಿಲ್ಲ. ಅಷ್ಟು ಹಣವಿದ್ದರೆ ಇನ್ನೊಂದು ಒಳ್ಳೆಯ ಹಸು, ಅದಕ್ಕೆ ವಿಮೆ, ಅರ್ಧ ಎಕರೆ ಹಸಿರು ಮೇವು ಎಂದು ಲೆಕ್ಕ ಹಾಕಿ ಕೊಟ್ಟೆ.

"ಹಾಗಾದರೆ ನನ್ನ ಬಂಧುವಿಗೆ ಏನು ಹೇಳಲಿ?" ಎಂದರು. ಒಬ್ಬರೇ ದೂರ ಹೋಗುವಾಗ ಎಲ್ಲಿಗೆಂದು ಹೇಳಿ ಹೋಗಲಿ, ಹೆಲ್ಮೆಟ್ ಹಾಕಿಕೊಳ್ಳಲಿ, ಬೈಕಿಗೆ ಕಮಾನು ಇದೆಯೇ ಎಂದು ಮಾಲೀಕರನ್ನು ಕೇಳಲಿ ಎಂದು ಬರೆಯಲು ತಿಳಿಸಿದೆ. ಅಂದು ರಾತ್ರಿಯೇ ಫೋನು ಮಾಡಿದರಂತೆ.

ಯಾವುದೇ ಯಂತ್ರ ಕೊಳ್ಳುವ ಮೊದಲು ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ನಮ್ಮನ್ನು ಸಂಪರ್ಕಿಸಿ. ಅದನ್ನು ಬಳಸುತ್ತಿರುವ ಇಬ್ಬರು ಮೂವರು ಸದಸ್ಯರ ಮನೆಗೆ ಒಟ್ಟಿಗೆ ಹೋಗಿ ನೋಡೋಣ. ಈ ಸಲ ಪ್ರಶ್ನೆಗಳನ್ನು ನಾನೂ ಮರೆಯುವುದಿಲ್ಲ.